ಕ್ಯಾಂಪರ್ ವ್ಯಾನ್ ಕೊಂಡರೆ ಕಾಫಿ ಬೆಳೆಗಾರನಿಗೆ ಲೆಕ್ಕ ಕೂಡಿಬರುತ್ತದೆಯೇ?

ಪ್ರಶ್ನೆ: ವಿರಾಜಪೇಟೆಯ ಬೆಳೆಗಾರ

ನಮ್ಮದು ರೋಬಸ್ಟಾ ಕಾಫಿ ತೋಟ. ಮನೆಯಲ್ಲಿ ನಾನು, ನನ್ನ ಪತ್ನಿ ಹಾಗೂ ಎಂಬತ್ತು ದಾಟಿದ ತಾಯಿ ಇದ್ದೇವೆ. ಕರಾವಳಿಯ ದೇವಸ್ಥಾನಗಳನ್ನು ನೋಡಿ ಬರಬೇಕೆಂಬ ಆಸೆ ತಾಯಿಗಿದ್ದರೂ ದಾರಿಯಲ್ಲಿ ಶೌಚಾಲಯ ಸಿಗದ ತೊಂದರೆಯನ್ನು ನೆನೆದು ಹೊರಡಲು ಒಪ್ಪುವುದಿಲ್ಲ. ಟೆಂಪೋ ಟ್ರಾವೆಲರ್ ಗಾತ್ರದ, ಹಾಸಿಗೆ, ಒಲೆ, ಶೌಚಾಲಯ ಎಲ್ಲವೂ ಇರುವ ಕ್ಯಾಂಪರ್ ವ್ಯಾನ್ ಒಂದಕ್ಕೆ 30 ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಕಾಫಿಗೆ ಒಳ್ಳೆಯ ಬೆಲೆ ಬಂದಾಗ ಉಳಿಸಿದ ಹಣವಿದೆ. ಅದನ್ನು ಇದಕ್ಕೆ ತೊಡಗಿಸುವುದು ಸರಿಯೇ?

ಉತ್ತರ: ಸೋಮವಾರಪೇಟೆಯಿಂದ

ಮೊದಲು ನಿಮ್ಮ ತೋಟದ ಕೆಲಸಗಳನ್ನು ತಿಂಗಳವಾರು ಬರೆದು ನೋಡಿ. ಜನವರಿಯಿಂದ ಮಾರ್ಚ್‌ವರೆಗೆ ಕುಯಿಲು. ಅದು ಮುಗಿಯುವಷ್ಟರಲ್ಲೇ ಹೂ ಮಳೆಗಾಗಿ, ಅಂದರೆ ಕಾಫಿ ಹೂ ಅರಳಿಸುವ ಮಳೆಗಾಗಿ ಕಾಯುವುದು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿಸುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. 2018ರ ಆಗಸ್ಟ್‌ನಲ್ಲಿ ಕರಾವಳಿಗೆ ಇಳಿಯುವ ಸಂಪಾಜೆ ರಸ್ತೆ ಕುಸಿದದ್ದನ್ನು ಕಂಡವರು ಆ ದಿನಗಳಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಘಾಟಿ ಇಳಿಯಲು ಮುಂದಾಗುವುದಿಲ್ಲ. ಹೀಗಿರುವಾಗ ವರ್ಷಕ್ಕೆ 20 ರಾತ್ರಿ ಹೊರಗೆ ಕಳೆಯುತ್ತೀರಿ ಎಂದುಕೊಂಡರೆ ಅದೇ ಉದಾರವಾದ ಅಂದಾಜು.

ವಿಮೆಯ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿದ ವಾಹನದ ಮೌಲ್ಯ ಮೂಲ ಬೆಲೆಯ ಅರ್ಧಕ್ಕೆ ಇಳಿಯುತ್ತದೆ. ಐದು ವರ್ಷ ಇಟ್ಟುಕೊಂಡರೆ 15 ಲಕ್ಷ, ಅಂದರೆ ವರ್ಷಕ್ಕೆ 3 ಲಕ್ಷ ಕರಗಿದಂತೆ. ರಾತ್ರಿಯೊಂದಕ್ಕೆ 15,000 ರೂಪಾಯಿ. ಡೀಸೆಲ್, ವಿಮೆಯ ಕಂತು, ಟೈರ್ ಯಾವುದೂ ಇದರಲ್ಲಿ ಸೇರಿಲ್ಲ. ಮಾರುವಾಗ ಇದಕ್ಕಿಂತ ಹೆಚ್ಚು ಸಿಗುತ್ತದೆ ಎನ್ನುವವರಿದ್ದಾರೆ, ಆದರೆ ಕೊಳ್ಳುವವರೇ ವಿರಳವಾಗಿರುವ ಇಂಥ ವಾಹನದ ವಿಷಯದಲ್ಲಿ ನನಗೆ ಆ ನಂಬಿಕೆಯಿಲ್ಲ.

ಉತ್ತರ: ಕುಶಾಲನಗರ, ಗ್ಯಾರೇಜ್ ನಡೆಸುವವನು

ಓಡುವ ಗಾಡಿಗಿಂತ ನಿಂತ ಗಾಡಿ ಬೇಗ ಕೆಡುತ್ತದೆ, ಅದರಲ್ಲೂ ನಿಮ್ಮ ಕಡೆಯ ಮಳೆಯಲ್ಲಿ. ಪ್ಲೈವುಡ್ ಮತ್ತು ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ, ಬ್ಯಾಟರಿ ಇಳಿಯುತ್ತದೆ, ಇಲಿಗಳು ವೈರಿಂಗ್ ಕಡಿಯುತ್ತವೆ. ಗಾಳಿಯಾಡುವ ಎತ್ತರದ ಶೆಡ್ಡಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಳೆಯ ಟ್ರಾವೆಲರ್ ಕೊಂಡು ಒಳಗೆ ಮಂಚ, ಸಿಲಿಂಡರ್ ಇಟ್ಟುಕೊಂಡರೆ ಅಗ್ಗವಾಗುತ್ತದೆ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಂ ಪ್ರಕಾರ ನೋಂದಣಿ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಅಂಥ ಬದಲಾವಣೆ ಮಾಡುವಂತಿಲ್ಲ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ಅದೊಂದೇ ಸಾಕು. ಕ್ಯಾರವಾನ್‌ಗಳಿಗೆಂದೇ, ಅಂದರೆ ಇಂಥ ಕ್ಯಾಂಪರ್ ವ್ಯಾನ್‌ಗಳಿಗೆಂದೇ, ಎಐಎಸ್-124 ಎಂಬ ಮಾನದಂಡವಿದೆ. ಅದರಂತೆ ಪ್ರಮಾಣೀಕರಿಸಿದ ಗಾಡಿಯನ್ನೇ ನೋಡಿ. ತೆರಿಗೆ ಕಾರಿನ ದರದಲ್ಲೇ ಇರುತ್ತದೆ ಎಂದುಕೊಳ್ಳದೆ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಯೇ ಮುಂಗಡ ಕೊಡಿ.

ಉತ್ತರ: ಮಡಿಕೇರಿಯಿಂದ, ಇಂಥ ವಾಹನ ಇಟ್ಟುಕೊಂಡಿರುವವಳು

ರಾತ್ರಿಯೊಂದಕ್ಕೆ ಇಷ್ಟು ಎಂದು ಭಾಗಿಸಿದರೆ ಯಾವ ಕ್ಯಾಂಪರ್ ವ್ಯಾನ್ ಕೂಡ ಗೆಲ್ಲುವುದಿಲ್ಲ. ಸೋಮವಾರಪೇಟೆಯವರ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆದರೆ ಮನೆಯ ಹಿರಿಯರು ನೀರು ಕುಡಿಯಲೂ ಹೆದರದೆ ದಿನವಿಡೀ ಪ್ರಯಾಣ ಮಾಡುವುದು ಹೋಂಸ್ಟೇ ಬಾಡಿಗೆಯಲ್ಲಿ ಸಿಗುವ ಸೌಲಭ್ಯವಲ್ಲ. ಅದಕ್ಕಾಗಿಯೇ ನಾವು ಇದನ್ನು ಇಟ್ಟುಕೊಂಡಿದ್ದೇವೆ.

ಎಲ್ಲಿ ಬೇಕೆಂದರಲ್ಲಿ ನಿಲ್ಲಿಸಿ ಮಲಗಬಹುದು ಎಂಬ ಜಾಹೀರಾತಿನ ಮಾತನ್ನು ಮಾತ್ರ ನಂಬಬೇಡಿ. ಕಾಡಿನ ರಸ್ತೆಗಳಲ್ಲಿ ನಿಲ್ಲಿಸುವಂತಿಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೇ ಇಲ್ಲ, ಕುಟ್ಟದಿಂದ ನಾಗರಹೊಳೆಯ ಮೂಲಕ ಹುಣಸೂರಿಗೆ ಹೋಗುವ ದಾರಿಯ ಗೇಟು ಸಂಜೆಯೇ ಮುಚ್ಚುತ್ತದೆ. ಕ್ಯಾರವಾನ್ ಪ್ರವಾಸಕ್ಕೆ ಕೇರಳ 2021ರಲ್ಲಿ ನೀತಿಯನ್ನೇ ರೂಪಿಸಿತಾದರೂ ನಮ್ಮ ಸುತ್ತಮುತ್ತ ನೀರು ತುಂಬಿಸಿಕೊಂಡು ಶೌಚದ ತೊಟ್ಟಿಯನ್ನು ಖಾಲಿ ಮಾಡಬಹುದಾದ ತಾಣಗಳು ಸುಲಭವಾಗಿ ಸಿಗುವುದಿಲ್ಲ. ಆ ತೊಟ್ಟಿಯನ್ನು ತೊಳೆಯುವ ಕೆಲಸ ಮಾಲೀಕರದೇ ಎಂಬುದನ್ನು ಮಾರುವವರು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಇನ್ನೊಂದು ವಿಷಯ: ಟ್ರಾವೆಲರ್‌ನ ಮೆಟ್ಟಿಲು ಎತ್ತರ. ತಾಯಿಯವರು ಅದನ್ನು ಹತ್ತಿ ಇಳಿಯಬಲ್ಲರೇ, ಒಳಗಿನ ಇಕ್ಕಟ್ಟಾದ ಶೌಚಾಲಯದಲ್ಲಿ ಕೂತು ಏಳಬಲ್ಲರೇ ಎಂಬುದನ್ನು ಅವರನ್ನೇ ಕರೆದುಕೊಂಡು ಹೋಗಿ ನೋಡಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ವಂದನೆಗಳು. ಮೆಟ್ಟಿಲಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಸ್ಪ್ರಿಂಕ್ಲರ್ ಕೆಲಸ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಬಾಡಿಗೆ ವಾಹನವೊಂದನ್ನು ತೆಗೆದುಕೊಂಡು ಉಡುಪಿಯವರೆಗೆ ಹೋಗಿಬರುವ ಯೋಚನೆ ಮಾಡಿದ್ದೇವೆ. ಮಡಚುವ ಹೆಚ್ಚುವರಿ ಮೆಟ್ಟಿಲು ಮತ್ತು ಹಿಡಿಕೆ ಇರುವ ಗಾಡಿ ಮೈಸೂರಿನಲ್ಲಿ ಬಾಡಿಗೆಗೆ ಸಿಗುತ್ತದೆಯೇ ಎಂದು ತಿಳಿದವರು ದಯವಿಟ್ಟು ತಿಳಿಸಿ.