ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ನನ್ನ ಮೊದಲ ಮತ: ಅಭ್ಯರ್ಥಿಯ ನಡತೆ, ಒಡನಾಟ, ನೀತಿಗಳನ್ನು ಹೇಗೆ ತೂಗಬೇಕು?

ಪ್ರಶ್ನೆ: ಮಲ್ಲೇಶ್ವರದ ಓದುಗಿತ್ತಿ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿದ್ದು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್‌ನಲ್ಲಿ. ತಂದೆಯವರ ಅಲ್ಲಿನ ಕೆಲಸ ಮುಗಿದ ಮೇಲೆ ನಾವು ಬೆಂಗಳೂರಿಗೆ ಮರಳಿದೆವು. ನನ್ನ ಶಾಲೆ, ಕಾಲೇಜು ಎಲ್ಲವೂ ಮಲ್ಲೇಶ್ವರದ ಸುತ್ತಮುತ್ತಲೇ ಆಯಿತು. ಮನೆಯವರೆಲ್ಲ ಭಾರತದ ಪ್ರಜೆಗಳು, ನಾನೊಬ್ಬಳು ಮಾತ್ರ ಅಮೆರಿಕದ ಪ್ರಜೆ. ಹಾಗಾಗಿ ಇಲ್ಲಿ ನನಗೆ ಮತದಾನದ ಹಕ್ಕಿಲ್ಲ. ಆದರೆ ಹೊರದೇಶಗಳಲ್ಲಿರುವ ಪ್ರಜೆಗಳಿಗಾಗಿ ಅಮೆರಿಕ 1986ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಕೊನೆಯದಾಗಿ ನೆಲೆಸಿದ್ದ ರಾಜ್ಯದ ಮತದಾರಳಾಗಿ ಅಧ್ಯಕ್ಷರ ಚುನಾವಣೆಯಲ್ಲಿ ನಾನು ಭಾಗವಹಿಸಬಹುದು. ಆ ರಾಜ್ಯ ಸಣ್ಣ ಅಂತರದಲ್ಲಿ ಅತ್ತಿತ್ತ ವಾಲುವ ರಾಜ್ಯ. 2016ರಲ್ಲಿ ಅಲ್ಲಿ 60 ಲಕ್ಷಕ್ಕೂ ಹೆಚ್ಚು ಮತಗಳು ಚಲಾವಣೆಯಾಗಿದ್ದರೂ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದದ್ದು ಸುಮಾರು 44 ಸಾವಿರ ಮತಗಳ ವ್ಯತ್ಯಾಸ. ಆದ್ದರಿಂದ ನನ್ನ ಮತವನ್ನು ಹಗುರವಾಗಿ ನೋಡಲು ಮನಸ್ಸು ಒಪ್ಪುತ್ತಿಲ್ಲ.

ತೊಂದರೆ ಇರುವುದು ಆಯ್ಕೆಯಲ್ಲಿ. ಎರಡೂ ಪಕ್ಷಗಳವರು ಎದುರಾಳಿಯ ಹಳೆಯ ಸ್ನೇಹಿತರನ್ನು, ಹಣ ಕೊಟ್ಟವರನ್ನು, ಒಂದೇ ವೇದಿಕೆಯಲ್ಲಿ ಕಂಡವರನ್ನು ತೋರಿಸಿ, ಇಂಥವನಿಗೆ ದೇಶ ಒಪ್ಪಿಸುತ್ತೀರಾ ಎಂದು ಕೇಳುತ್ತಾರೆ. ನಮ್ಮ ತಂದೆ “ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ” ಎಂಬ ಗಾದೆ ಹೇಳಿ, ಜೊತೆಗಾರರನ್ನು ನೋಡಿದರೆ ಸಾಕು ಎನ್ನುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಅಣ್ಣನಿಗೆ ವೀಸಾ ನೀತಿಯೊಂದೇ ಲೆಕ್ಕ. ಯಾರಿಗೆ ಮತ ಹಾಕಬೇಕೆಂದು ನಾನು ಕೇಳುತ್ತಿಲ್ಲ. ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಬಸವನಗುಡಿಯ ನಿವೃತ್ತ ಅಧ್ಯಾಪಕ

ನೋಡಿ ತಾಯಿ, ನಿಮ್ಮ ತಂದೆಯವರು ಹೇಳಿದ ಗಾದೆ ಸುಳ್ಳಲ್ಲ. ಆದರೆ ಚುನಾವಣೆಯ ಕಾಲದಲ್ಲಿ ಅದನ್ನು ಬಳಸುವವರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ಅಭ್ಯರ್ಥಿಗೆ ಯಾರ ಯಾರ ಪರಿಚಯವಿತ್ತು ಎಂಬುದು ಒಂದು. ಅವರು ಗೆದ್ದರೆ ಆ ಪರಿಚಿತರಲ್ಲಿ ಯಾರ ಕೈಗೆ ಅಧಿಕಾರ ಬರುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲನೆಯದಕ್ಕಿಂತ ಹತ್ತು ಪಟ್ಟು ತೂಕವಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

2008ರ ಚುನಾವಣೆಯನ್ನು ತೆಗೆದುಕೊಳ್ಳಿ. ಒಬಾಮ ಅವರ ಮೇಲೆ ಒಡನಾಟದ ಎರಡು ಆರೋಪಗಳು ಬಂದವು. 1970ರ ಸುಮಾರಿನಲ್ಲಿ ಬಾಂಬ್ ಸ್ಫೋಟಗಳನ್ನು ನಡೆಸಿದ್ದ ಗುಂಪಿನ ಮುಖಂಡರಲ್ಲೊಬ್ಬರಾದ ಬಿಲ್ ಏಯರ್ಸ್ ಮುಂದೆ ಪ್ರಾಧ್ಯಾಪಕರಾಗಿ, ಶಿಕಾಗೊದ ದತ್ತಿನಿಧಿಯೊಂದರ ಮಂಡಳಿಯಲ್ಲಿ ಒಬಾಮ ಅವರ ಜೊತೆ ಕುಳಿತಿದ್ದರು. ಸ್ಫೋಟಗಳು ನಡೆದಾಗ ಒಬಾಮ ಚಿಕ್ಕ ಹುಡುಗ. ಈ ಪರಿಚಯದಿಂದ ಏಯರ್ಸ್ ಅವರಿಗೆ ಅಧಿಕಾರವಾಗಲಿ, ಅವರ ಹಳೆಯ ವಿಚಾರಗಳಿಗೆ ಒಬಾಮ ಅವರ ಒಪ್ಪಿಗೆಯಾಗಲಿ ಸಿಕ್ಕಿದ್ದು ಕಾಣುವುದಿಲ್ಲ. ಹಾಗಾಗಿ ಇದಕ್ಕೆ ನಾನು ತೂಕ ಕೊಡುವುದಿಲ್ಲ. ಜೆರೆಮಯಾ ರೈಟ್ ಅವರ ವಿಷಯ ಹಾಗಲ್ಲ. ಅವರು ಒಬಾಮ ಸುಮಾರು 20 ವರ್ಷ ನಡೆದುಕೊಂಡ ಚರ್ಚಿನ ಪಾದ್ರಿ, ಮದುವೆ ಮಾಡಿಸಿದವರು. ಅವರ ಉಗ್ರ ಪ್ರವಚನಗಳು ಟಿವಿಯಲ್ಲಿ ಬಂದಾಗ ಒಬಾಮ 2008ರ ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ದೀರ್ಘ ಭಾಷಣ ಮಾಡಿ, ಮಾತುಗಳನ್ನು ಖಂಡಿಸಿದರೂ ಮನುಷ್ಯನನ್ನು ತೊರೆಯಲಾರೆ ಎಂದರು. ರೈಟ್ ಮತ್ತೆ ಅದೇ ಧಾಟಿಯಲ್ಲಿ ಮಾತನಾಡಿದ ಮೇಲೆ ಸಂಬಂಧ ಕಡಿದುಕೊಂಡು ಆ ಚರ್ಚನ್ನೇ ಬಿಟ್ಟರು. ಇದನ್ನು ಪ್ರಾಮಾಣಿಕತೆ ಎಂದು ಓದಿದವರೂ ಇದ್ದಾರೆ, ತಡವಾದ ಎಚ್ಚರ ಎಂದು ಓದಿದವರೂ ಇದ್ದಾರೆ. ಎರಡು ಓದಿಗೂ ಆಧಾರವಿದೆ, ಏಕೆಂದರೆ ಒಡನಾಟ ದೀರ್ಘವಾಗಿತ್ತು ಮತ್ತು ಅಭ್ಯರ್ಥಿ ತಾನಾಗಿ ಆರಿಸಿಕೊಂಡದ್ದಾಗಿತ್ತು.

ಎದುರಾಳಿ ಮೆಕೇನ್ ಅವರಿಗೂ ಇಂಥದ್ದೊಂದು ಇತ್ತು. ಚಾರ್ಲ್ಸ್ ಕೀಟಿಂಗ್ ಎಂಬ ಉದ್ಯಮಿಯಿಂದ ಚುನಾವಣಾ ದೇಣಿಗೆ ಪಡೆದಿದ್ದ ಐವರು ಸೆನೆಟರ್‌ಗಳು 1987ರಲ್ಲಿ ಅವನ ಹಣಕಾಸು ಸಂಸ್ಥೆಯ ತನಿಖೆ ನಡೆಸುತ್ತಿದ್ದ ಅಧಿಕಾರಿಗಳನ್ನು ಭೇಟಿಯಾದರು, ಮೆಕೇನ್ ಅವರಲ್ಲೊಬ್ಬರು. ಸೆನೆಟ್‌ನ ನೀತಿ ಸಮಿತಿ 1991ರಲ್ಲಿ ಮೆಕೇನ್ ಅವರದು ವಿವೇಚನೆಯ ಕೊರತೆ ಎಂದಿತು, ಅದಕ್ಕಿಂತ ಹೆಚ್ಚಿನದನ್ನು ಹೊರಿಸಲಿಲ್ಲ. ಇಲ್ಲಿ ನಾನು ನೋಡುವುದು ಆಮೇಲಿನ ವರ್ಷಗಳನ್ನು: ಚುನಾವಣಾ ದೇಣಿಗೆಗೆ ಕಡಿವಾಣ ಹಾಕುವ ಕಾನೂನಿಗಾಗಿ ಸ್ವಂತ ಪಕ್ಷದ ಬಹುಪಾಲು ಜನರ ವಿರೋಧ ಕಟ್ಟಿಕೊಂಡು ದುಡಿದು, 2002ರಲ್ಲಿ ಅದನ್ನು ಜಾರಿಗೆ ತಂದವರಲ್ಲಿ ಅವರು ಮುಖ್ಯರು.

ಗೆದ್ದ ಮೇಲೆ ಸ್ನೇಹಿತರಿಗೆ ಅಧಿಕಾರ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ 1920ರಲ್ಲಿ ಆಯ್ಕೆಯಾದ ವಾರನ್ ಹಾರ್ಡಿಂಗ್ ಇದ್ದಾರೆ. ಅವರೇ ಲಂಚ ತಿಂದರೆಂದು ಯಾರೂ ಸಾಬೀತು ಮಾಡಿಲ್ಲ. ಆದರೆ ಅವರು ಮಂತ್ರಿ ಮಾಡಿದ ಹಳೆಯ ಸೆನೆಟ್ ಸಹೋದ್ಯೋಗಿ ಆಲ್ಬರ್ಟ್ ಫಾಲ್, ನೌಕಾಪಡೆಗೆ ಮೀಸಲಾಗಿದ್ದ ಟೀಪಾಟ್ ಡೋಮ್ ಮುಂತಾದ ತೈಲ ನಿಕ್ಷೇಪಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ಹಣ ಪಡೆದು, ಮುಂದೆ ಜೈಲಿಗೆ ಹೋದ. ಹಾರ್ಡಿಂಗ್ ಅವರ ಬಗ್ಗೆ ನಿಮ್ಮ ತಂದೆಯವರ ಗಾದೆ ಅಕ್ಷರಶಃ ನಿಜ.

ಅದೇ ಗಾದೆ ಎಡವುವುದನ್ನೂ ನಮ್ಮ ಊರೇ ಕಂಡಿದೆ. ನಮ್ಮ ರಾಷ್ಟ್ರಪತಿಯನ್ನು ಆರಿಸುವವರು ಸಂಸದರು ಮತ್ತು ಶಾಸಕರು. ಜನರಿಗೆ ನೇರ ಪಾಲಿಲ್ಲ. ಆದರೂ 1969ರ ಜುಲೈನಲ್ಲಿ ಕಾಂಗ್ರೆಸ್ ಅಧಿವೇಶನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿದಾಗ, ರಾಷ್ಟ್ರಪತಿ ಯಾರಾಗಬೇಕೆಂಬ ಚರ್ಚೆ ಗಾಂಧಿ ಬಜಾರಿನ ಹೋಟೆಲುಗಳಲ್ಲೂ ನಡೆಯುತ್ತಿತ್ತು. ಆಗ ಕಾಲೇಜು ಹುಡುಗನಾಗಿದ್ದ ನಾನು ಅದನ್ನು ಕಿವಿಯಾರೆ ಕೇಳಿದ್ದೇನೆ. ಬೆಂಗಳೂರಿನಲ್ಲಿ ಪಕ್ಷ ಆರಿಸಿದ್ದು ನೀಲಂ ಸಂಜೀವ ರೆಡ್ಡಿ ಅವರನ್ನು. ಇಂದಿರಾ ಗಾಂಧಿಯವರಿಗೆ ಅವರ ಬೆನ್ನಿಗಿದ್ದವರ ಬಗ್ಗೆ, ಅಂದರೆ ನಮ್ಮ ನಿಜಲಿಂಗಪ್ಪನವರೂ ಸೇರಿದ್ದ, ‘ಸಿಂಡಿಕೇಟ್’ ಎಂದು ಕರೆಯುತ್ತಿದ್ದ ಪಕ್ಷದ ಹಿರಿಯ ನಾಯಕರ ಕೂಟದ ಬಗ್ಗೆ ಶಂಕೆಯಿತ್ತು. ಆತ್ಮಸಾಕ್ಷಿಯಂತೆ ಮತ ಹಾಕಿ ಎಂಬ ಕರೆ ಹೊರಟಿತು, ಆಗಸ್ಟ್‌ನಲ್ಲಿ ಎರಡನೆಯ ಪ್ರಾಶಸ್ತ್ಯದ ಮತಗಳ ಎಣಿಕೆಯಲ್ಲಿ ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿ ಗೆದ್ದರು. ರೆಡ್ಡಿಯವರು ಸೋತದ್ದು ತಮ್ಮ ನಡತೆಗಾಗಿ ಅಲ್ಲ, ತಮ್ಮನ್ನು ಹೊತ್ತವರಿಗಾಗಿ. 1977ರಲ್ಲಿ ಅದೇ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಮನುಷ್ಯ ಅವರೇ, ಸುತ್ತಲಿನವರು ಬೇರೆ.

ಉತ್ತರ: ಎಚ್‌ಎಸ್‌ಆರ್ ಬಡಾವಣೆಯ ತಂತ್ರಜ್ಞ

ಹಿರಿಯರು ಒಡನಾಟದ ಬಗ್ಗೆ ವಿವರವಾಗಿ ಬರೆದಿದ್ದಾರೆ. ನಾನು ನೀತಿಯ ಬಗ್ಗೆ ಮಾತ್ರ ಹೇಳುತ್ತೇನೆ. ಅಭ್ಯರ್ಥಿಯ ಪ್ರತಿಯೊಂದು ಭರವಸೆಯ ಎದುರಿಗೂ, ಇದನ್ನು ಅಧ್ಯಕ್ಷರು ಒಬ್ಬರೇ ಮಾಡಬಲ್ಲರೇ, ಅಥವಾ ಇದಕ್ಕೆ ಸಂಸತ್ತಿನ ಎರಡೂ ಸದನಗಳು ಒಪ್ಪಬೇಕೇ ಎಂದು ಬರೆದುಕೊಳ್ಳಿ. ಒಬಾಮ ಅಧಿಕಾರ ವಹಿಸಿಕೊಂಡ ಎರಡನೆಯ ದಿನ, 2009ರ ಜನವರಿ 22ರಂದು, ಭಯೋತ್ಪಾದನೆಯ ಶಂಕಿತರನ್ನು ಕೂಡಿಟ್ಟಿದ್ದ ಕ್ಯೂಬಾದ ಗ್ವಾಂಟನಾಮೊ ಸೆರೆಮನೆಯನ್ನು ಒಂದು ವರ್ಷದೊಳಗೆ ಮುಚ್ಚುವ ಆದೇಶಕ್ಕೆ ಸಹಿ ಹಾಕಿದರು. ಕೈದಿಗಳನ್ನು ಅಮೆರಿಕಕ್ಕೆ ಸಾಗಿಸಲು ಸಂಸತ್ತು ಹಣ ಕೊಡಲಿಲ್ಲ. ಎಂಟು ವರ್ಷ ಮುಗಿದು ಅವರು ಹೊರಟಾಗಲೂ ಸೆರೆಮನೆ ತೆರೆದೇ ಇತ್ತು.

ನಿಮ್ಮ ಅಣ್ಣನವರ ವೀಸಾ ವಿಷಯವನ್ನೇ ಹೀಗೆ ಬಿಡಿಸಿ ನೋಡಿ. ಹೊರದೇಶದ ಪರಿಣತ ನೌಕರರಿಗೆ ಕೊಡುವ ಎಚ್-1ಬಿ ವೀಸಾಗಳಿಗೆ ಇರುವ ವಾರ್ಷಿಕ 65,000ದ ಮಿತಿ, ಅಲ್ಲಿನ ಸ್ನಾತಕೋತ್ತರ ಪದವೀಧರರಿಗೆ ಇರುವ ಹೆಚ್ಚುವರಿ 20,000, ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ, ಇವೆಲ್ಲ ಸಂಸತ್ತಿನ ಕಾನೂನುಗಳು. ಯಾವ ಅಧ್ಯಕ್ಷರೂ ಒಬ್ಬರೇ ಬದಲಾಯಿಸಲಾರರು. ಆದರೆ ಎಚ್-1ಬಿ ನೌಕರರ ಸಂಗಾತಿಗಳಲ್ಲಿ ಒಂದು ವರ್ಗಕ್ಕೆ ಕೆಲಸ ಮಾಡಲು 2015ರಲ್ಲಿ ಸಿಕ್ಕ ಅನುಮತಿ ಆಡಳಿತದ ನಿಯಮದಿಂದ ಬಂದದ್ದು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ ಬಿದ್ದ ಒಂದು ಲಕ್ಷ ಡಾಲರ್ ಶುಲ್ಕ ಅಧ್ಯಕ್ಷರ ಘೋಷಣೆಯಿಂದ ಬಂದದ್ದು. ಆ ವಾರ ನಮ್ಮ ಕಚೇರಿಯಲ್ಲಿ ರಜೆಗೆ ಊರಿಗೆ ಬಂದಿದ್ದ ಸಹೋದ್ಯೋಗಿಯೊಬ್ಬರು, ಈ ಶುಲ್ಕ ತಮಗೂ ಅನ್ವಯಿಸುತ್ತದೆಯೋ ಇಲ್ಲವೋ ತಿಳಿಯದೆ, ಮಕ್ಕಳನ್ನು ಇಲ್ಲೇ ಬಿಟ್ಟು ರಾತ್ರೋರಾತ್ರಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಟರು. ಅಧ್ಯಕ್ಷರ ಒಂದು ಸಹಿ ನೇರವಾಗಿ ಎಲ್ಲಿ ಬಂದು ತಾಗುತ್ತದೆ ಎಂಬುದನ್ನು ಹೀಗೆ ಗುರುತಿಸಿಕೊಂಡರೆ, ಉಳಿದ ಪ್ರಣಾಳಿಕೆ ಓದುವ ಶ್ರಮ ಅರ್ಧವಾಗುತ್ತದೆ.

ಉತ್ತರ: ರಾಜಾಜಿನಗರದ ವಕೀಲೆ

ತಂತ್ರಜ್ಞರ ಮಾತನ್ನು ಒಪ್ಪುತ್ತೇನೆ, ಆದರೆ ಅದು ಪೂರ್ಣವಲ್ಲ. ಯಾವ ಪ್ರಣಾಳಿಕೆಯಲ್ಲೂ ಇಲ್ಲದ ಸಂಗತಿಗಳೇ ಅನೇಕ ಅಧ್ಯಕ್ಷರ ಅವಧಿಯನ್ನು ನಿರ್ಧರಿಸಿವೆ. 2000ದ ಚರ್ಚೆಗಳಲ್ಲಿ ಕಿರಿಯ ಬುಷ್ ವಿನಯದ ವಿದೇಶಾಂಗ ನೀತಿಯ ಮಾತಾಡಿದರು. ಮರುವರ್ಷ ಸೆಪ್ಟೆಂಬರ್ 11ರ ದಾಳಿ, 2003ರಲ್ಲಿ ಇರಾಕ್ ಯುದ್ಧ. ಮತದಾರನಿಗೆ ಮುಂಚೆ ಕಾಣುವಂತಿದ್ದದ್ದು ನೀತಿಯಲ್ಲ, ಉಪಾಧ್ಯಕ್ಷ ಅಭ್ಯರ್ಥಿಯಾಗಿ ಪಕ್ಕದಲ್ಲಿ ನಿಂತಿದ್ದ, ಮುಂದೆ ಆ ಯುದ್ಧಕ್ಕೆ ಒತ್ತಾಸೆಯಾದ ಡಿಕ್ ಚೆನಿ. ಆದ್ದರಿಂದ ಉಪಾಧ್ಯಕ್ಷ ಸ್ಥಾನಕ್ಕೆ ಯಾರನ್ನು ಆರಿಸಿದರು ಎಂಬುದನ್ನು ಅಭ್ಯರ್ಥಿಯ ಮೊದಲ ಸರ್ಕಾರಿ ತೀರ್ಮಾನವೆಂದೇ ಓದಬೇಕು. ರೂಸ್‌ವೆಲ್ಟ್ 1945ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಉಪಾಧ್ಯಕ್ಷರಾಗಿ ಮೂರು ತಿಂಗಳೂ ತುಂಬದ ಟ್ರೂಮನ್ ಆ ಪೀಠಕ್ಕೆ ಬಂದರು. ಅಣುಬಾಂಬಿನ ಯೋಜನೆಯನ್ನು ಅವರಿಗೆ ವಿವರಿಸಿದ್ದೇ ಆಮೇಲೆ.

ನ್ಯಾಯಾಧೀಶರ ನೇಮಕವನ್ನೂ ಮರೆಯಬೇಡಿ. ಅಲ್ಲಿನ ಸುಪ್ರೀಂ ಕೋರ್ಟಿಗೆ ನಮ್ಮಲ್ಲಿರುವಂತೆ 65 ವರ್ಷದ ನಿವೃತ್ತಿ ಇಲ್ಲ. ಹಿರಿಯ ಬುಷ್ 1991ರಲ್ಲಿ ನೇಮಿಸಿದ ಕ್ಲಾರೆನ್ಸ್ ಥಾಮಸ್ ಮೂರು ದಶಕಗಳ ನಂತರವೂ ಪೀಠದಲ್ಲಿದ್ದರು. ನೇಮಿಸಿದ ಅಧ್ಯಕ್ಷರು ಒಂದೇ ಅವಧಿಗೆ ಮನೆಗೆ ಹೋಗಿದ್ದರು.

ಇನ್ನು ನಡತೆ. ಅಭ್ಯರ್ಥಿಯ ಸಂಸಾರ, ಮಾತಿನ ಸೊಗಸು, ಪೂಜೆ ಪ್ರಾರ್ಥನೆ ಇವುಗಳಿಂದ ನಡತೆ ಅಳೆಯುವುದನ್ನು ನಾನು ಒಪ್ಪುವುದಿಲ್ಲ. ನಿಕ್ಸನ್ ಪರಿಸರ ಸಂರಕ್ಷಣಾ ಸಂಸ್ಥೆಯನ್ನು ಸ್ಥಾಪಿಸಿದರು, 1972ರಲ್ಲಿ ಚೀನಾದ ಬಾಗಿಲು ತೆರೆದರು, ನೀತಿಯಲ್ಲಿ ಸಮರ್ಥರು. ಆದರೆ ಕಾನೂನು ತನಗೂ ಅನ್ವಯಿಸುತ್ತದೆ ಎಂಬ ಭಾವ ಅವರಲ್ಲಿ ಗಟ್ಟಿಯಾಗಿರಲಿಲ್ಲ. ಎದುರು ಪಕ್ಷದ ಕಚೇರಿಗೆ ನುಗ್ಗಿದ ವಾಟರ್‌ಗೇಟ್ ಹಗರಣದ ತನಿಖೆಗೆ ತಮ್ಮ ಕಚೇರಿಯ ಮಾತುಕತೆಗಳ ಧ್ವನಿಸುರುಳಿಗಳನ್ನು ಒಪ್ಪಿಸಬೇಕೆಂದು 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದ ಮೇಲೆ ಒಪ್ಪಿಸಿದರು, ಆಗಸ್ಟ್ 9ರಂದು ರಾಜೀನಾಮೆ ಕೊಟ್ಟರು. ತನಗೆ ವಿರುದ್ಧವಾಗಿ ಬಂದ ತೀರ್ಪನ್ನು, ತನಗೆ ವಿರುದ್ಧವಾಗಿ ಬಂದ ಮತ ಎಣಿಕೆಯನ್ನು ಈ ವ್ಯಕ್ತಿ ಹಿಂದೆ ಹೇಗೆ ಸ್ವೀಕರಿಸಿದ್ದಾರೆ? ನಡತೆಯ ಬಗ್ಗೆ ನಾನು ಕೇಳುವ ಪ್ರಶ್ನೆ ಇದೊಂದೇ, ಮತ್ತು ಇದಕ್ಕೆ ಉತ್ತರ ದಾಖಲೆಗಳಲ್ಲಿ ಸಿಗುತ್ತದೆ.

ದಾಖಲೆ ಎಂದಾಗ ಒಂದು ವ್ಯತ್ಯಾಸ ತಿಳಿದಿರಲಿ. ನಮ್ಮಲ್ಲಿ ಸುಪ್ರೀಂ ಕೋರ್ಟಿನ 2002ರ ತೀರ್ಪಿನ ಫಲವಾಗಿ ಲೋಕಸಭೆ, ವಿಧಾನಸಭೆಗೆ ನಿಲ್ಲುವವರು ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಅಮೆರಿಕದಲ್ಲಿ ಅಭ್ಯರ್ಥಿಯ ಹಣಕಾಸಿನ ವಿವರಣಾ ಪತ್ರ ಕಡ್ಡಾಯ, ಆದರೆ ಆದಾಯ ತೆರಿಗೆಯ ಲೆಕ್ಕ ಬಹಿರಂಗಪಡಿಸುವುದು ಸಂಪ್ರದಾಯ ಮಾತ್ರ. 200 ಡಾಲರ್‌ಗಿಂತ ಹೆಚ್ಚು ದೇಣಿಗೆ ಕೊಟ್ಟವರ ಹೆಸರುಗಳು ಅಲ್ಲಿನ ಚುನಾವಣಾ ಆಯೋಗದ ಜಾಲತಾಣದಲ್ಲಿರುತ್ತವೆ. ಒಡನಾಟ ಹುಡುಕುವುದಾದರೆ ಹಳೆಯ ಫೋಟೊಗಳಿಗಿಂತ ಅಲ್ಲಿ ಹುಡುಕುವುದು ಲೇಸು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ ಉಳಿದಿದೆ. ನಾನು ಬದುಕುತ್ತಿರುವುದು ಇಲ್ಲಿ, ಮತ ಅಲ್ಲಿ. ಭಾರತಕ್ಕೆ ಯಾರು ಒಳ್ಳೆಯವರು ಎಂದು ನೋಡುವುದು ಸರಿಯೇ?

ಉತ್ತರ: ಬಸವನಗುಡಿಯ ನಿವೃತ್ತ ಅಧ್ಯಾಪಕ

ನೋಡುವುದು ತಪ್ಪಲ್ಲ, ಆದರೆ ಬಹಳ ಸಲ ಆ ಅಳತೆಗೋಲಿನಲ್ಲಿ ಇಬ್ಬರೂ ಸಮನಾಗಿ ನಿಲ್ಲುತ್ತಾರೆ. ಭಾರತದೊಡನೆ ಅಣು ಒಪ್ಪಂದಕ್ಕೆ 2008ರ ಅಕ್ಟೋಬರ್‌ನಲ್ಲಿ ಸೆನೆಟ್ 86–13 ಮತಗಳಿಂದ ಒಪ್ಪಿಗೆ ಕೊಟ್ಟಾಗ ಒಬಾಮ, ಮೆಕೇನ್ ಇಬ್ಬರೂ ಪರವಾಗಿಯೇ ಇದ್ದರು. 1971ರಲ್ಲಿ ನಿಕ್ಸನ್ ವಿಮಾನವಾಹಕ ನೌಕೆಯನ್ನು ಬಂಗಾಳ ಕೊಲ್ಲಿಯತ್ತ ಕಳುಹಿಸಿದ್ದು ನಮ್ಮ ಪೀಳಿಗೆಗೆ ಮರೆಯುವಂಥದ್ದಲ್ಲ; ಆದರೆ 1968ರಲ್ಲಿ ಮತ ಹಾಕಿದ ಅಮೆರಿಕನ್ನರಲ್ಲಿ ಅದನ್ನು ಊಹಿಸಬಲ್ಲವರು ಯಾರಿದ್ದರು? ಪಿಟ್ಸ್‌ಬರ್ಗ್‌ನಲ್ಲಿ ತೆರಿಗೆ ಕಟ್ಟುವ, ಆಸ್ಪತ್ರೆಯ ಬಿಲ್ಲು ಕಟ್ಟುವ ಜನರ ಜೊತೆ ನಿಮ್ಮ ಮತವೂ ಎಣಿಕೆಯಾಗುತ್ತದೆ. ಅವರ ಬದುಕಿಗೆ ಮೊದಲ ಸ್ಥಾನ ಕೊಡಿ ಎಂದು ನಾನು ಹೇಳುತ್ತೇನೆ.

ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. 2008ರ ಅಕ್ಟೋಬರ್‌ನಲ್ಲಿ ಮಿನ್ನೆಸೋಟಾದ ಸಭೆಯೊಂದರಲ್ಲಿ ಮಹಿಳೆಯೊಬ್ಬರು ಒಬಾಮ ಅರಬ್ ಎಂದಾಗ ಮೆಕೇನ್ ಆ ಮಹಿಳೆಯ ಕೈಯಿಂದ ಮೈಕ್ ತೆಗೆದುಕೊಂಡು, ಇಲ್ಲ, ಅವರು ಸಭ್ಯ ಗೃಹಸ್ಥರು, ಈ ದೇಶದ ಪ್ರಜೆ, ನನಗೆ ಅವರೊಡನೆ ಮೂಲಭೂತ ವಿಷಯಗಳಲ್ಲಿ ಭಿನ್ನಾಭಿಪ್ರಾಯವಿದೆ ಅಷ್ಟೇ ಎಂದರು. ಎದುರಿಗಿದ್ದದ್ದು ಅವರದೇ ಬೆಂಬಲಿಗರ ಸಭೆ. ಎದುರಾಳಿಯನ್ನು ಹೊಗಳಿದ್ದಕ್ಕೆ ಅದೇ ಸಭೆಯಲ್ಲಿ ಕೂಗಾಟವೂ ಆಯಿತು. ತನ್ನವರ ಅಸಮಾಧಾನ ಕಟ್ಟಿಕೊಂಡು ಆಡಿದ ಮಾತುಗಳನ್ನು ಎರಡೂ ಕಡೆಯ ಅಭ್ಯರ್ಥಿಗಳಲ್ಲಿ ಹುಡುಕಿ.

ಉತ್ತರ: ಎಚ್‌ಎಸ್‌ಆರ್ ಬಡಾವಣೆಯ ತಂತ್ರಜ್ಞ

ಕೊನೆಯದಾಗಿ ಕೆಲಸದ ಮಾತು. ಹೊರದೇಶದ ಮತದಾರರ ಅರ್ಜಿಯನ್ನು ಚುನಾವಣೆಯ ವರ್ಷದ ಆರಂಭದಲ್ಲೇ ನಿಮ್ಮ ಹಳೆಯ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಚುನಾವಣಾ ಕಚೇರಿಗೆ ಕಳುಹಿಸಿ. 2009ರ ಕಾನೂನಿನಂತೆ, ಸಮಯಕ್ಕೆ ಅರ್ಜಿ ಕೊಟ್ಟವರಿಗೆ ಮತದಾನಕ್ಕೆ 45 ದಿನ ಮುಂಚೆ ಮತಪತ್ರ ಕಳುಹಿಸಲೇಬೇಕು, ಇಮೇಲ್ ಮೂಲಕವೂ ಕೇಳಬಹುದು. 2025ರ ಜನವರಿಯಿಂದ ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಇದೆ. ತುಂಬಿದ ಮತಪತ್ರವನ್ನು ಅಲ್ಲಿಂದ ಕಳುಹಿಸಬಹುದೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಆ 45 ದಿನಗಳಲ್ಲಿ ಸಾಮಾನ್ಯವಾಗಿ ಅಭ್ಯರ್ಥಿಗಳ ನೇರ ಚರ್ಚೆಗಳೂ ಇರುತ್ತವೆ, ಹಾಗಾಗಿ ಮತಪತ್ರ ಕೈಸೇರಿದ ದಿನವೇ ತುಂಬುವ ಆತುರ ಬೇಡ. ಅಂಚೆಗೆ ಬೇಕಾದ ವಾರಗಳನ್ನು ಮಾತ್ರ ಕೈಯಲ್ಲಿಟ್ಟುಕೊಳ್ಳಿ.