ಪದಚರ್ಚೆ: ‘ಪಾಸ್’ಗೆ ಕಣಿವೆ ಎಂದರೆ ಏರಬೇಕೋ ಇಳಿಯಬೇಕೋ?

ಎಲ್ಲರಿಗೂ ನಮಸ್ಕಾರ.

ಸ್ವಿಟ್ಜರ್ಲೆಂಡಿನ ಗ್ರಿಂಡೆಲ್‌ವಾಲ್ಡ್ ಸುತ್ತಮುತ್ತ ಬೇಸಿಗೆಯಲ್ಲಿ ಒಂದು ದಿನದೊಳಗೆ ಮುಗಿಸಬಹುದಾದ ಚಾರಣಗಳ ಕೈಪಿಡಿಯೊಂದು ಜರ್ಮನ್‌ನಿಂದ ಕನ್ನಡಕ್ಕೆ ಬರುತ್ತಿದೆ. ಓದಿ ಕಪಾಟಿನಲ್ಲಿಡುವ ಪುಸ್ತಕವಲ್ಲ, ಕೈಯಲ್ಲಿ ಹಿಡಿದು ನಡೆಯುವಂಥದು. ಹಾಗಾಗಿ ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳದೆ ಮುಂದೆ ಹೋಗುವುದು ಸರಿಯೆನಿಸಲಿಲ್ಲ.

ಮೊದಲನೆಯದು ‘ಪಾಸ್’, ಎಂದರೆ ಬೆಟ್ಟ ದಾಟುವ ಜಾಗ. ಊರು ಇರುವುದು 1,034 ಮೀಟರ್ ಎತ್ತರದಲ್ಲಿ, ಕಣಿವೆಯಲ್ಲಿ. ಅಲ್ಲಿಂದ ಗ್ರೋಸ್ಸೆ ಶೈಡೆಗ್ ಎಂಬ ಪಾಸ್‌ಗೆ (1,962 ಮೀ.) ಏರಿ ಆಚೆ ಇಳಿಯಬೇಕು. ಖೈಬರ್ ಕಣಿವೆ ಎನ್ನುವ ರೂಢಿಯಂತೆ ಬರೆದರೆ ‘ಕಣಿವೆಯಿಂದ ಹೊರಟು ಕಣಿವೆಗೆ ಏರಿ’ ಎಂದಾಯಿತು! ಎರಡನೆಯದು ‘ಆಲ್ಪ್’. ಕೆಲವೆಡೆ ಇದು ಪರ್ವತವಲ್ಲ, ದನ ಮೇಯುವ ಜಾಗ ಎಂಬಂತೆ ಬರುತ್ತದೆ. ಮೂರನೆಯದು ‘ಔಸ್‌ಗೆಸೆಟ್ಸ್ಟ್’. ಇಂಗ್ಲಿಷಿನವರು ‘ಎಕ್ಸ್‌ಪೋಸ್ಡ್’ ಎನ್ನುತ್ತಾರೆ. ಸದ್ಯಕ್ಕೆ ‘ಬಯಲಿಗೆ ತೆರೆದ ದಾರಿ’ ಎಂದು ಹಾಕಿದ್ದೇನೆ. ಇನ್ನು ‘ಟ್ರಿಟ್‌ಸಿಖರ್’, ‘ಶ್ವಿಂಡೆಲ್‌ಫ್ರೈ’ ಎಂಬೆರಡು ಗುಣಗಳು ನಡೆಯುವವರಲ್ಲಿ ಇರಬೇಕಂತೆ. ಕೊನೆಯದು ‘ಆಲ್ಟ್‌ಶ್ನೇ’.

* * *

ಉತ್ತರ 1

ಕಣಿವೆಯ ಗೊಂದಲ ನಿಮ್ಮೊಬ್ಬರದಲ್ಲ. ಕಾಶ್ಮೀರ ಕಣಿವೆ ಎಂದಾಗ ಬೆಟ್ಟಗಳ ನಡುವಿನ ತಗ್ಗು, ಖೈಬರ್ ಕಣಿವೆ ಎಂದಾಗ ಬೆಟ್ಟ ದಾಟುವ ದಾರಿ. ಎರಡನ್ನೂ ಒಂದೇ ಪದದಲ್ಲಿ ಶಾಲೆಯಿಂದಲೇ ಕಲಿತಿದ್ದೇವೆ. ಚರಿತ್ರೆಯ ಪುಸ್ತಕದಲ್ಲಿ ಅದರಿಂದ ಯಾರ ಕಾಲೂ ಮುರಿಯುವುದಿಲ್ಲ. ಚಾರಣದ ಕೈಪಿಡಿಯಲ್ಲಿ ಮಾತ್ರ ‘ಮಳೆ ಬಂದರೆ ಕಣಿವೆಗೆ ಮರಳಿ’ ಎಂಬ ಸಾಲು ಓದಿದವರು ಸಿಡಿಲಿನ ಹೊತ್ತಿಗೆ ಮೇಲಕ್ಕೆ ಹೊರಟಾರು.

‘ಘಾಟಿ’ ಹಾಕೋಣವೆನಿಸಬಹುದು. ಆಗುಂಬೆ, ಚಾರ್ಮಾಡಿ, ಶಿರಾಡಿ ಎಂದಾಗ ನಮಗೆ ಕಣ್ಮುಂದೆ ಬರುವುದು ತಿರುವುಗಳುಳ್ಳ ಇಡೀ ಏರುದಾರಿ. ಪಾಸ್ ಎಂದರೆ ಅದರ ತುದಿಯ ಒಂದು ಬಿಂದು. ಸಾಲದ್ದಕ್ಕೆ ಹಿಂದಿಯಲ್ಲಿ ಘಾಟಿ ಎಂದರೆ ತಗ್ಗು. ಹಿಂದಿ ಫಲಕ ಓದಿ ಬೆಳೆದ ನಮ್ಮ ಹುಡುಗರಿಗೆ ಅದೇ ಗೊಂದಲ ಇನ್ನೊಂದು ಬಾಗಿಲಿನಿಂದ ಒಳಬಂದೀತು.

ಉತ್ತರ ಕರ್ನಾಟಕದ ‘ಕೊಳ್ಳ’ ಚೆಂದದ ಪದ. ಏಳುಕೊಳ್ಳದ ಎಲ್ಲಮ್ಮ, ಹುಲಿಗೆಮ್ಮನ ಕೊಳ್ಳ ಎಲ್ಲರಿಗೂ ಗೊತ್ತು. ಆದರೆ ಅದು ಇಕ್ಕಟ್ಟಾದ, ನೀರು ಕೊರೆದ ತಗ್ಗು. ಗ್ರಿಂಡೆಲ್‌ವಾಲ್ಡ್‌ನಂಥ ಅಗಲ ಜಾಗಕ್ಕೆ ಒಗ್ಗದು, ಅಲ್ಲಿನ ಹಳ್ಳದ ಕಮರಿಗಳಿಗೆ ಬಳಸಿ.

ನನ್ನ ಸಲಹೆ: ತಗ್ಗಿಗೆ ಕಣಿವೆ ಇರಲಿ, ಬೇರೆ ಯಾವುದಕ್ಕೂ ಬೇಡ. ಪಾಸ್‌ಗೆ ‘ಕಂಡಿ’. ಬೇಲಿ ಕಂಡಿ, ಗೋಡೆ ಕಂಡಿ ಎನ್ನುತ್ತೇವಲ್ಲ, ಅದೇ. ಉದ್ದಕ್ಕೆ ಹೋದ ಬೆಟ್ಟದ ಏಣಿನಲ್ಲಿ ತಗ್ಗಾಗಿ, ಆಚೆ ನುಸುಳಲು ಬಿಟ್ಟ ಜಾಗ. ಒಂಟಿಯಾಗಿ ಕಂಡಿ ಎಂದರೆ ಬೋಳಾಗಿ ಕಂಡರೆ ‘ಏಣುಗಂಡಿ’ ಮಾಡಿಕೊಳ್ಳಿ. ಏಣು ಎಂದೆ, ಪರ್ವತಶ್ರೇಣಿ ಅಲ್ಲ. ಶ್ರೇಣಿ ಎಂದರೆ ಬೆಟ್ಟಗಳ ಸಾಲು, ಏಣು ಎಂದರೆ ಒಂದೇ ಬೆಟ್ಟದ ಬೆನ್ನಿನ ಚೂಪು.

ಅಂದಹಾಗೆ ಗ್ರೋಸ್ಸೆ ಎಂದರೆ ದೊಡ್ಡ, ಕ್ಲೈನೆ ಎಂದರೆ ಚಿಕ್ಕ. ಆದರೆ ಕ್ಲೈನೆ ಶೈಡೆಗ್ 2,061 ಮೀ., ದೊಡ್ಡದಕ್ಕಿಂತ ಎತ್ತರ! ಹೆಸರನ್ನು ಅನುವಾದಿಸಿ ‘ಚಿಕ್ಕ ಕಂಡಿ’ ಎಂದು ಬರೆದರೆ, ಸುಲಭದ್ದೆಂದು ಆರಿಸಿಕೊಂಡು ಓದುಗರು ನಿಮ್ಮನ್ನು ಬೈಯುತ್ತಾರೆ. ಹೆಸರುಗಳನ್ನು ಹಾಗೇ ಬಿಡಿ. ಫಿರ್ಸ್ಟ್ ಎಂಬ ಕೇಬಲ್ ಕಾರ್ ನಿಲ್ದಾಣವೂ ಅಷ್ಟೇ: ಇಂಗ್ಲಿಷಿನ ‘ಫಸ್ಟ್’ ಅಲ್ಲ, ಮನೆಯ ಮಾಡಿನ ನೆತ್ತಿ.

* * *

ಉತ್ತರ 2

ಹೆಸರು ಹಾಗೇ ಇರಲಿ ಎಂಬುದು ಒಪ್ಪಿಗೆ. ಆದರೂ ‘ಹೊರ್ನ್’ಗೆ ಒಂದು ಅಡಿಟಿಪ್ಪಣಿ ಕೊಡಿ, ಏಕೆಂದರೆ ಇಲ್ಲಿ ಕನ್ನಡವೂ ಜರ್ಮನ್ನೂ ಒಂದೇ ದಾರಿ ಹಿಡಿದಿವೆ. ಹೊರ್ನ್ ಎಂದರೆ ದನದ ಕೊಂಬು, ಬೆಟ್ಟದ ತುದಿ ಎರಡೂ. ನಮ್ಮ ‘ಕೋಡು’ ಕೂಡ ಹಾಗೆಯೇ. ಕೋಡುಗಲ್ಲು ಇರುವಾಗ ಶಿಖರಕ್ಕೆ ಏಕೆ ಹೋಗಬೇಕು? ಫೌಲ್‌ಹೊರ್ನ್ (2,681 ಮೀ.) ಹೆಸರಿನ ‘ಫೌಲ್’ ಎಂದರೆ ಕೊಳೆತದ್ದು, ಕಲ್ಲಿಗೆ ಹೇಳಿದಾಗ ಪುಡಿಯಾಗುವಂಥದು. ಆ ಕೋಡಿನ ಸುತ್ತಲ ಕಲ್ಲು ಹಾಳೆಹಾಳೆಯಾಗಿ ಒಡೆಯುತ್ತದೆ, ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಹೆಸರಿನಲ್ಲೇ ಎಚ್ಚರಿಕೆ ಇದೆ.

ಆಲ್ಪ್ ವಿಚಾರದಲ್ಲಿ ನಿಮ್ಮ ಅನುಮಾನ ಸರಿ. ಅಲ್ಲಿನ ರೈತರ ಮಾತಿನಲ್ಲಿ ಅದು ಬೇಸಿಗೆ ಮೇವಿನ ಜಾಗ. ಜೂನ್ ಹೊತ್ತಿಗೆ ದನಗಳು ಮೇಲೇರಿ ಸೆಪ್ಟೆಂಬರಿನಲ್ಲಿ ಇಳಿಯುತ್ತವೆ. ಹಾಲು ಕರೆದು ಅಲ್ಲೇ ಚೀಸ್ ಮಾಡುತ್ತಾರೆ. ‘ಹುಲ್ಲುಗಾವಲು’ ಎಂದರೆ ಈ ಏರಿಳಿತ ಕಾಣುವುದಿಲ್ಲ, ‘ಗೋಮಾಳ’ ಎಂದರೆ ಊರಂಚಿನ ಸರ್ಕಾರಿ ಜಾಗ ನೆನಪಾಗುತ್ತದೆ. ನನಗೆ ಹತ್ತಿರವೆನಿಸುವುದು ಅಮೃತಮಹಲ್ ‘ಕಾವಲು’. ಮೈಸೂರಿನಲ್ಲಿ ಆ ಹಸುಗಳಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಬೇರೆಬೇರೆ ಕಾವಲುಗಳಿದ್ದವು. ಆದ್ದರಿಂದ ‘ಬೇಸಿಗೆ ಕಾವಲು’. ಓದುಗರಿಗೂ ಉಪಯೋಗ: ಕಾವಲು ಎಂದ ಕೂಡಲೇ ಅಲ್ಲಿ ದನ ಇರುತ್ತದೆಂದು ಗೊತ್ತಾಗುತ್ತದೆ. ಕರು ಜೊತೆಗಿರುವ ಹಸುವಿನಿಂದ 20ರಿಂದ 50 ಮೀಟರ್ ದೂರ ಸುತ್ತಿ ಹೋಗಬೇಕು, ಕರುವನ್ನು ಮುಟ್ಟಬಾರದು, ವಿದ್ಯುತ್ ಬೇಲಿಯ ಹಿಡಿಕೆ ತೆಗೆದು ದಾಟಿದವರು ಮತ್ತೆ ಸಿಕ್ಕಿಸಬೇಕು. ನಮ್ಮ ಸಾಧು ಹಸುಗಳ ಲೆಕ್ಕದಲ್ಲಿ ಬೆನ್ನು ಸವರಲು ಹೋಗುವವರು ಬಹಳ.

ಈಗ ಮುಖ್ಯ ತಪ್ಪು. ‘ಬಯಲಿಗೆ ತೆರೆದ ದಾರಿ’ ದಯವಿಟ್ಟು ಅಳಿಸಿ. ಅದನ್ನು ಓದಿದವರು ಟೋಪಿ ಹಾಕಿಕೊಳ್ಳುತ್ತಾರೆ ಅಷ್ಟೇ. ಔಸ್‌ಗೆಸೆಟ್ಸ್ಟ್ ಎಂದರೆ ಬಿಸಿಲಲ್ಲ, ಗಾಳಿಯಲ್ಲ: ಕಾಲು ತಪ್ಪಿದರೆ ನಿಲ್ಲಿಸುವಂಥ ಪೊದೆ, ಕಟ್ಟೆ, ಸಮತಟ್ಟು ಯಾವುದೂ ಇಲ್ಲದ ಪಕ್ಕ. ದಾರಿ ಎರಡಡಿ ಅಗಲವಿದ್ದು ಚೊಕ್ಕವಾಗಿಯೇ ಇರಬಹುದು. ‘ತಡೆಯಿಲ್ಲದ ಅಂಚು’ ಎನ್ನಿ. ಎರಡೇ ಪದ, ಕೆಲಸ ಆಗುತ್ತದೆ.

ಟ್ರಿಟ್‌ಸಿಖರ್‌ಗೆ ‘ಸ್ಥಿರ ಪಾದ’ ಎಂದೆಲ್ಲ ಹೋಗಬೇಡಿ, ವಿಗ್ರಹದ ವರ್ಣನೆ ಆದೀತು. ‘ಹೆಜ್ಜೆ ಗಟ್ಟಿ ಇರುವವರು’ ಸಾಕು. ಅದರ ಅರ್ಥ ಶಕ್ತಿಯಲ್ಲ, ಇಡುವ ರೀತಿ: ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಹಿಂದಕ್ಕೆ ವಾಲದೆ, ಅಟ್ಟೆ ಪೂರ್ತಿ ಊರಿ, ಮೈಭಾರ ಪಾದದ ಮೇಲೆ ತಂದು, ಆಮೇಲೆ ಇನ್ನೊಂದು ಕಾಲೆತ್ತುವುದು. ಹೆದರಿ ಹಿಂದಕ್ಕೆ ವಾಲಿದವರ ಹಿಮ್ಮಡಿಯೇ ಮೊದಲು ಜಾರುವುದು. ಶ್ವಿಂಡೆಲ್‌ಫ್ರೈ ಎಂದರೆ ‘ಕೆಳಗೆ ನೋಡಿದರೆ ತಲೆ ತಿರುಗದವರು’. ಇವೆರಡನ್ನೂ ಕೂಡಿಸಿ ‘ಅನುಭವಿ ಚಾರಣಿಗರು’ ಎಂದು ಬರೆಯುವ ಚಾಳಿಯಿದೆ, ಅದು ಸೋಮಾರಿತನ. ಹೆಜ್ಜೆ ಗಟ್ಟಿಯಿದ್ದೂ ತಲೆ ತಿರುಗುವವರು ಎಷ್ಟೋ ಮಂದಿ.

ಅಲ್ಲಿ ಚಾರಣದ ದಾರಿ ತೋರಿಸುವ ಗುರುತುಗಳ ಬಣ್ಣವೂ ಇದಕ್ಕೇ ಹೊಂದಿಕೊಂಡಿದೆ. ಬರಿಯ ಹಳದಿ ಎಂದರೆ ವಿಶೇಷ ತಯಾರಿ ಬೇಡದ ದಾರಿ. ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಕಡಿದು, ಇಕ್ಕಟ್ಟು, ಅಲ್ಲಲ್ಲಿ ತಡೆಯಿಲ್ಲದ ಅಂಚು. ಹೆಜ್ಜೆ ಗಟ್ಟಿಯಿರಬೇಕು, ತಲೆ ತಿರುಗಬಾರದು. ಐಗರ್ ಬೆಟ್ಟದ ಉತ್ತರ ಗೋಡೆಯ ಬುಡದ ಐಗರ್ ಟ್ರೇಲ್ ಈ ಬಗೆಯದು. ಬಿಳಿ-ನೀಲಿ-ಬಿಳಿಯಲ್ಲಿ ಕೈ ಊರಿ ಹತ್ತುವ ಬಂಡೆಯೋ, ಹಿಮನದಿಯೋ, ದಾರಿಯೇ ಇಲ್ಲದ ಜಾಗವೋ ಬರಬಹುದು. ಅದಕ್ಕೆ ಚಾರಣ ಎಂಬ ಪದವೇ ಸಾಲದು.

* * *

ಉತ್ತರ 3

ಆಲ್ಟ್‌ಶ್ನೇ ಬಗ್ಗೆ ಯಾರೂ ಹೇಳಲಿಲ್ಲ. ಪದಶಃ ‘ಹಳೆಹಿಮ’, ಹಾಗೇ ಇಡಿ. ಚಳಿಗಾಲದ್ದು ಕರಗದೆ ಉತ್ತರಕ್ಕೆ ಮುಖ ಮಾಡಿದ ಕೊರಕಲುಗಳಲ್ಲಿ ಜುಲೈವರೆಗೂ ಉಳಿಯುವ ಹಾಸು. ಬೆಳಿಗ್ಗೆ ಅದು ಗಾಜಿನಷ್ಟು ಗಟ್ಟಿ, ಜಾರಿದರೆ ಕೆಳಗಿನ ಬಂಡೆವರೆಗೂ ನಿಲ್ಲುವುದಿಲ್ಲ. ಮಧ್ಯಾಹ್ನ ಮೆತ್ತಗಾಗುತ್ತದೆ, ಆದರೆ ಅಡಿಯಲ್ಲಿ ಹರಿಯುವ ನೀರು ಪೊಳ್ಳು ಮಾಡಿರುತ್ತದೆ. ಅಂಚಿನಲ್ಲಿ, ಬಂಡೆ ತಾಗುವಲ್ಲಿ ಕಾಲು ಕುಸಿಯುವುದು ಅದರಿಂದಲೇ. ಇದಕ್ಕೆ ‘ಮಂಜು’ ಎಂದು ಬರೆದೀರಿ ಜೋಕೆ. ‘ದಾರಿಯಲ್ಲಿ ಮಂಜಿದೆ’ ಎಂದರೆ ಕನ್ನಡಿಗ ಕಾಯುತ್ತಾನೆ, ಬಿಸಿಲೇರಿದರೆ ಕರಗೀತೆಂದು. ಕಣ್ಣಿಗೆ ಕವಿಯುವುದು ಮಂಜು, ಕಾಲಿಗೆ ಸಿಗುವುದು ಹಿಮ ಎಂದು ಪುಸ್ತಕದುದ್ದಕ್ಕೂ ಒಂದೇ ನಿಯಮ ಇಟ್ಟುಕೊಳ್ಳಿ.

ಇನ್ನೊಂದು, ನೀವು ಕೇಳದ್ದು. ಫಲಕದ ಮೇಲಿನ ಸಮಯವನ್ನು ‘ಪ್ರಯಾಣದ ಅವಧಿ’ ಎನ್ನಬೇಡಿ. ನಮ್ಮ ಲೆಕ್ಕದಲ್ಲಿ ಪ್ರಯಾಣವೆಂದರೆ ಕಾಫಿಗೆ ನಿಲ್ಲಿಸಿದ್ದೂ ಸೇರಿ. ಅಲ್ಲಿ ಬರೆದಿರುವುದು ಬರೀ ನಡೆಯುವ ಹೊತ್ತು, ವಿರಾಮ ಸೇರಿಲ್ಲ. ಫಲಕವಿಲ್ಲದೆಡೆ ಅಂದಾಜಿಸಲು ರೂಢಿಯ ಸೂತ್ರವೊಂದಿದೆ: ಗಂಟೆಗೆ 4 ಕಿ.ಮೀ. ದೂರ, 300 ಮೀ. ಏರು, 500 ಮೀ. ಇಳಿವು. ದೂರದ ಹೊತ್ತು, ಎತ್ತರದ ಹೊತ್ತು ಬೇರೆಬೇರೆ ತೆಗೆದು, ದೊಡ್ಡದಕ್ಕೆ ಚಿಕ್ಕದರ ಅರ್ಧ ಕೂಡಿಸಬೇಕು. ಫಿರ್ಸ್ಟ್‌ನಿಂದ (2,168 ಮೀ.) ಫೌಲ್‌ಹೊರ್ನ್‌ಗೆ ಏರು 513 ಮೀ., ಅಂದರೆ 1 ಗಂಟೆ 43 ನಿಮಿಷ. ದೂರ ಸುಮಾರು 5 ಕಿ.ಮೀ., ಅಂದರೆ 1 ಗಂಟೆ 15 ನಿಮಿಷ. ಒಟ್ಟು ಹತ್ತಿರಹತ್ತಿರ 2 ಗಂಟೆ 20 ನಿಮಿಷ. ಕೊನೆಯ ಕೇಬಲ್ ಕಾರ್ ಹೊತ್ತನ್ನು ಹಿಂದಿನಿಂದ ಲೆಕ್ಕ ಹಾಕುವಾಗ ಈ ವಿರಾಮವೇ ಮರೆತುಹೋಗುವುದು.

* * *

ಮೂವರಿಗೂ ವಂದನೆಗಳು. ಏಣುಗಂಡಿ, ಬೇಸಿಗೆ ಕಾವಲು, ತಡೆಯಿಲ್ಲದ ಅಂಚು, ಹಳೆಹಿಮ ನಾಲ್ಕನ್ನೂ ತೆಗೆದುಕೊಂಡಿದ್ದೇನೆ. ತಿದ್ದಿದ ಸಾಲುಗಳು ಹೀಗಿವೆ, ಕಿವಿಗೆ ಒರಟಾಗಿ ಕೇಳಿದರೆ ಹೇಳಿ:

‘ಫಿರ್ಸ್ಟ್‌ನಿಂದ ಬೇಸಿಗೆ ಕಾವಲುಗಳ ನಡುವೆ ಬಾಖಾಲ್ಪ್‌ಸೇವರೆಗೆ (2,265 ಮೀ.) ದಾರಿ ಹದವಾಗಿ ಏರುತ್ತದೆ. ಅಲ್ಲಿಂದ ಕಡಿದು. ಏಣುಗಂಡಿ ಮುಟ್ಟುವ ಮೊದಲಿನ ಕೊರಕಲುಗಳಲ್ಲಿ ಜುಲೈವರೆಗೂ ಹಳೆಹಿಮ ಇರಬಹುದು. ಮಂಜು ಕವಿದರೆ ಗುರುತಿನ ಪಟ್ಟೆ ಬಿಟ್ಟು ಹೋಗಬೇಡಿ. ಗುಡುಗು ಕೇಳಿದರೆ ಕಣಿವೆಯ ಕಡೆ ಇಳಿಯಿರಿ.’

ಬಾಖಾಲ್ಪ್‌ಸೇ ಪಕ್ಕ ‘ಸರೋವರ’ ಸೇರಿಸಿಲ್ಲ, ‘ಸೇ’ ಎಂದರೇ ಸರೋವರವಲ್ಲವೇ? ಓದುಗರಿಗೆ ಅದು ತಿಳಿಯದೆನಿಸಿದರೆ ಮೊದಲ ಸಲ ಮಾತ್ರ ಸೇರಿಸುತ್ತೇನೆ.