ಟೆಕ್ಸಾಸ್‌: ಲೈಸೆನ್ಸ್ ಅಮಾನತಿನ ಅವಧಿಯಲ್ಲಿ ಕೆಲಸಕ್ಕಾಗಿ ವಾಹನ ಚಲಾಯಿಸಲು ನ್ಯಾಯಾಲಯ ಎಷ್ಟರಮಟ್ಟಿಗೆ ಅನುಮತಿಸಬಲ್ಲದು?

ಪ್ರಶ್ನೆ: ಪ್ಲೇನೋದಲ್ಲಿರುವ ನನ್ನ ತಮ್ಮ ಮದ್ಯಪಾನ ಪತ್ತೆಯ ಉಸಿರು ಪರೀಕ್ಷೆಯಲ್ಲಿ ಮೊದಲ ಬಾರಿಗೆ ಸಿಕ್ಕಿಬಿದ್ದು, ಅವನ ಚಾಲನಾ ಲೈಸೆನ್ಸ್ 90 ದಿನಗಳ ಕಾಲ ಅಮಾನತುಗೊಂಡಿದೆ. ಕಚೇರಿ ಅರ್ವಿಂಗ್‌ನಲ್ಲಿದೆ, ಸಂಜೆ ಮಗಳನ್ನು ಡೇಕೇರ್‌ನಿಂದ ಕರೆತರುವವನೂ ಅವನೇ. ಆಕ್ಯುಪೇಷನಲ್ ಲೈಸೆನ್ಸ್ (ಅಮಾನತಿನ ವೇಳೆ ಅಗತ್ಯ ಕೆಲಸಗಳಿಗೆ ನ್ಯಾಯಾಲಯ ಮಂಜೂರು ಮಾಡುವ ಸೀಮಿತ ಚಾಲನಾ ಪರವಾನಗಿ) ಸಿಕ್ಕರೆ ಮೊದಲಿನಂತೆ ಓಡಾಡಬಹುದೇ?

ಉತ್ತರ 1: ಇಲ್ಲ. ಉದ್ಯೋಗ, ಶಿಕ್ಷಣ ಮತ್ತು ಮನೆಯ ಅತ್ಯಗತ್ಯ ಕೆಲಸಗಳಿಗೆ ಮಾತ್ರ ಅವಕಾಶವಿದೆ. ಸಾಮಾನ್ಯವಾಗಿ ದಿನಕ್ಕೆ 4 ಗಂಟೆ. ಅಗತ್ಯವನ್ನು ರುಜುವಾತುಪಡಿಸಿದರೆ 12 ಗಂಟೆಯವರೆಗೆ ವಿಸ್ತರಿಸಬಹುದು. ಯಾವ ದಿನ, ಯಾವ ಹೊತ್ತು, ಯಾವ ಪ್ರದೇಶ ಅಥವಾ ಮಾರ್ಗ ಎಂಬುದು ನ್ಯಾಯಾಲಯದ ಆದೇಶದಲ್ಲೇ ನಮೂದಾಗುವುದರಿಂದ, ಡೇಕೇರ್‌ನ ವಿಳಾಸವನ್ನು ಅರ್ಜಿಯಲ್ಲಿ ಬರೆಯಲು ಮರೆಯಬೇಡಿ. ವಾಹನ ವಿಮೆ ಇದೆಯೆಂದು ವಿಮಾ ಕಂಪನಿ ದೃಢಪಡಿಸುವ ಎಸ್‌ಆರ್-22 ಪ್ರಮಾಣಪತ್ರವೂ ಬೇಕು. ಆದೇಶದ ದೃಢೀಕೃತ ಪ್ರತಿ ಸದಾ ಕಾರಿನಲ್ಲಿರಲಿ.

ಉತ್ತರ 2: ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಹಿಂದಿನ 5 ವರ್ಷಗಳಲ್ಲಿ ಇಂಥದೇ ಅಮಾನತು ಆಗಿದ್ದರೆ ಆದೇಶ 91ನೆಯ ದಿನಕ್ಕೆ ಮೊದಲು ಜಾರಿಗೆ ಬರುವಂತಿಲ್ಲ. ಆದರೆ ಉಸಿರು ಊದಿದರಷ್ಟೇ ಎಂಜಿನ್ ಚಾಲೂ ಆಗುವ ಇಂಟರ್‌ಲಾಕ್ ಅಳವಡಿಸಿದ ಪುರಾವೆ ಕೊಟ್ಟರೆ ಕಾಯಬೇಕಿಲ್ಲ. ಗಂಟೆಗಳ ಮಿತಿಯೂ ಆಗ ಅನ್ವಯಿಸದು. ಖರ್ಚಿನ ಬಾಬತ್ತು ಹೌದು, ಆದರೂ ನನ್ನ ದೃಷ್ಟಿಯಲ್ಲಿ ಅದೇ ಮೇಲು.

ಉತ್ತರ 3: ಟ್ರಕ್ ಓಡಿಸುವ ವಾಣಿಜ್ಯ ಲೈಸೆನ್ಸಿನವರು ಇದನ್ನು ನೆಚ್ಚಿಕೊಳ್ಳಬಾರದು. ಅನರ್ಹತೆಯ ಅವಧಿಯಲ್ಲಿ ವಾಣಿಜ್ಯ ವಾಹನ ಚಲಾಯಿಸಲು ವಿಶೇಷ ಪರವಾನಗಿ ಕೊಡುವುದನ್ನು ಒಕ್ಕೂಟದ ಕಾನೂನೇ ರಾಜ್ಯಗಳಿಗೆ ನಿಷೇಧಿಸಿದೆ; ನ್ಯಾಯಾಧೀಶರಿಗೆ ಎಷ್ಟೇ ಕನಿಕರವಿದ್ದರೂ ಅಲ್ಲಿ ಅವರ ಕೈ ಕಟ್ಟಿದೆ.